ದಾದಿಯ ಮನಸ್ಸು, ಲೋಕದ ಮಾತು

ಮನುಷ್ಯನು ಆರಿಸಿಕೊಂಡ ಉದ್ಯೋಗವನ್ನು ನೋಡಿ ಅವನ ಮನಸ್ಸನ್ನು ಊಹಿಸುವುದು ಲೋಕದ ಹಳೆಯ ಚಾಳಿ. ವಕೀಲನಾದವನು ಮಾತಿನ ಮಲ್ಲನೆಂದೂ, ವ್ಯಾಪಾರಕ್ಕೆ ಕುಳಿತವನು ದುಡ್ಡಿನ ಆಸೆಯವನೆಂದೂ ಜನರು ಸುಲಭವಾಗಿ ಹೇಳಿಬಿಡುತ್ತಾರೆ. ಇಂಥ ಊಹೆಗಳಿಂದ ವಕೀಲನಿಗಾಗಲಿ ವ್ಯಾಪಾರಿಗಾಗಲಿ ಹೆಚ್ಚಿನ ಹಾನಿಯಿಲ್ಲ. ಆದರೆ ಊಹೆಯೇ ತೀರ್ಪಾಗಿ, ಆ ತೀರ್ಪು ಬದುಕಿನ ಮೇಲೆ ಬಂದು ಬೀಳುವ ಒಂದು ಉದ್ಯೋಗವಿದೆ. ಅದು ದಾದಿಯ ಉದ್ಯೋಗ. ಹುಡುಗಿಯೊಬ್ಬಳು ನರ್ಸಿಂಗ್ ಕಲಿಯಲು ಹೊರಟಳೆಂದರೆ, ಈ ದಾರಿಯನ್ನು ಏಕೆ ಹಿಡಿದೆ ಎಂದು ಅವಳನ್ನು ಕೇಳುವವರು ವಿರಳ. ಕೇಳದೆಯೇ ಉತ್ತರ ಹೇಳುವವರು ಬಹಳ. ಆ ಉತ್ತರಗಳು ಯಾವುವು, ಅವು ಎಲ್ಲಿಂದ ಬಂದವು, ಅವುಗಳಿಂದ ಯಾರಿಗೆ ಏನು ನಷ್ಟ ಎಂಬುದನ್ನು ವಿಚಾರಿಸುವುದು ಈ ಮಾತುಗಳ ಉದ್ದೇಶ.

ನನ್ನ ಊರು ಶಲವಡಿ. ಧಾರವಾಡ ಜಿಲ್ಲೆಯ ಪೂರ್ವಕ್ಕೆ, ನವಲಗುಂದ ಅಣ್ಣಿಗೇರಿಗಳ ಸೀಮೆಯಲ್ಲಿ, ಕಣ್ಣು ಹಾಯುವವರೆಗೆ ಎರೆಯ ಹೊಲಗಳಿರುವ ಊರು. ಹಿಂಗಾರಿಯ ಜೋಳ ಕಡಲೆಗಳನ್ನು ನಂಬಿದ ಇಂಥ ಒಕ್ಕಲುತನದ ಊರಿನಲ್ಲಿ ಮಕ್ಕಳ ವಿದ್ಯೆಯೂ ಒಂದು ಬೆಳೆಯಿದ್ದಂತೆ. ಯಾರ ಮಗನು ಏನು ಓದಿದನು, ಯಾರ ಮಗಳು ಎಲ್ಲಿಗೆ ಹೋದಳು ಎಂಬುದು ಗುಡಿಯ ಕಟ್ಟೆಯ ಮೇಲೆ ಚರ್ಚೆಯಾಗಲೇಬೇಕು. ನರ್ಸಿಂಗ್ ಕಲಿತವರ ವಿಷಯದಲ್ಲಿ ಆ ಕಟ್ಟೆಯು ಕೊಡುವ ತೀರ್ಪುಗಳು ಮುಖ್ಯವಾಗಿ ಮೂರು. ಮೊದಲನೆಯದು ಸೋಲಿನ ತೀರ್ಪು: "ಡಾಕ್ಟರ್ ಆಗಲಿಕ್ಕೆ ಮಾರ್ಕ್ಸ್ ಸಾಲಲಿಲ್ಲ, ಅದಕ್ಕ ನರ್ಸ್ ಆದ್ಲು." ಎರಡನೆಯದು ಆಸೆಯ ತೀರ್ಪು: "ಪರದೇಶಕ್ಕ ಹೋಗಿ ರೊಕ್ಕಾ ಗಳಸಬೇಕಲ್ಲಾ, ಅದಕ್ಕ." ಮೂರನೆಯದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ರಾತ್ರಿಪಾಳಿ, ಪರಪುರುಷರ ಮೈ ಮುಟ್ಟುವ ಕೆಲಸ ಎಂದು ಪಿಸುಮಾತಿನಲ್ಲಿ ಶುರುವಾಗಿ ಅದು ಶೀಲದ ಮೇಲಿನ ತೀರ್ಪಾಗಿ ಮುಗಿಯುತ್ತದೆ. ಇವು ಕಟ್ಟೆಯ ಮಾತುಗಳಾದವು. ನಾಲ್ಕನೆಯದೊಂದು ವೇದಿಕೆಯ ಮಾತಿದೆ. ಮೇ 12ರಂದು, ದಾದಿಯರ ದಿನಾಚರಣೆಯ ಹೊತ್ತಿಗೆ, ಶಾಲು ಹಾರಗಳೊಂದಿಗೆ ಬರುವ ಮಾತು: "ಇವರು ದೇವತೆಗಳು, ತ್ಯಾಗಮೂರ್ತಿಗಳು, ಫಲಾಪೇಕ್ಷೆಯಿಲ್ಲದ ಸೇವೆ ಇವರದು."

ಮೊದಲಿನ ಮೂರು ನಿಂದೆ, ಕೊನೆಯದು ಸ್ತುತಿ ಎಂದು ಮೇಲುನೋಟಕ್ಕೆ ತೋರುತ್ತದೆ. ನನ್ನ ಅಭಿಪ್ರಾಯದಲ್ಲಿ ನಾಲ್ಕೂ ಒಂದೇ ಬೇರಿನಿಂದ ಹುಟ್ಟಿದವು. ನಾಲ್ಕರಲ್ಲಿ ಯಾವುದೂ ದಾದಿಯು ಮಾಡುವ ಕೆಲಸವನ್ನು ನೋಡಿ ಹುಟ್ಟಿದ್ದಲ್ಲ. ಕೆಲಸವು ನಮಗೆ ಕಾಣದೆ ಇದ್ದಾಗ, ಅದನ್ನು ಮಾಡುವುದಕ್ಕೆ ಕಾರಣವನ್ನು ಕೆಲಸದ ಹೊರಗೆ ಹುಡುಕುತ್ತೇವೆ. ಸೋಲಿನಲ್ಲಿ, ಹಣದಲ್ಲಿ, ನಡತೆಯಲ್ಲಿ, ಅಥವಾ ದೈವತ್ವದಲ್ಲಿ.

ಭಾಷೆಯ ಮೇಷ್ಟರಾದ ನನಗೆ ಮೊದಲು ಶಬ್ದಗಳನ್ನು ವಿಚಾರಿಸುವುದು ಅಭ್ಯಾಸ. 'ದಾದಿ' ಎಂಬುದು ಸಂಸ್ಕೃತದ 'ಧಾತ್ರಿ' ಶಬ್ದದ ತದ್ಭವ. ಹಾಲೂಡಿಸಿ ಸಾಕುವವಳು ಎಂದು ಅದರ ಅರ್ಥ. ಇಂಗ್ಲಿಷಿನ 'ನರ್ಸ್' ಶಬ್ದದ ಮೂಲಾರ್ಥವೂ ಪೋಷಿಸುವವಳು ಎಂದೇ. ಎರಡು ಶಬ್ದಗಳೂ ಮನೆಯ ಒಳಗಿನ ಹೆಂಗಸಿನ ದುಡಿಮೆಯಿಂದ ಬಂದವು; ಆದುದರಿಂದ ಇದಕ್ಕೆ ಕಲಿಕೆ ಬೇಕಾಗಿಲ್ಲ, ಹೆಣ್ಣಾಗಿ ಹುಟ್ಟಿದರೆ ಸಾಕು ಎಂಬ ಭಾವನೆಯು ಅವುಗಳ ಬೆನ್ನಿಗೆ ಅಂಟಿಕೊಂಡಿದೆ. 'ಸಿಸ್ಟರ್' ಎಂಬ ಸಂಬೋಧನೆಯು ಯುರೋಪಿನ ಕ್ರೈಸ್ತ ಸಂನ್ಯಾಸಿನಿಯರಿಂದ ಬಂತು. ಅದರ ಬೆನ್ನಿಗೆ ತ್ಯಾಗವು ಅಂಟಿಕೊಂಡಿದೆ. ಇವೆಲ್ಲವುಗಳಿಗಿಂತ ನನಗೆ ಮೆಚ್ಚಿಕೆಯಾದದ್ದು ನಾವು ಪುಸ್ತಕದ ಮಾತೆಂದು ಬದಿಗಿಟ್ಟ 'ಶುಶ್ರೂಷೆ' ಎಂಬ ಶಬ್ದ. 'ಶ್ರು' ಎಂದರೆ ಕೇಳು. 'ಶುಶ್ರೂಷಾ' ಎಂದರೆ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳುವ ಶಿಷ್ಯನ ನಡವಳಿಕೆಯಿಂದ ಹೊರಟ ಆ ಶಬ್ದವು ಸೇವೆಯ ಅರ್ಥಕ್ಕೆ ತಿರುಗಿ, ಕೊನೆಗೆ ರೋಗಿಯ ಹಾಸಿಗೆಯ ಬಳಿಗೆ ಬಂದು ನಿಂತಿತು. ಹಾಸಿಗೆ ಹಿಡಿದವನ ಉಸಿರನ್ನು, ನರಳಿಕೆಯನ್ನು, ಅವನು ಹೇಳಲಾರದ್ದನ್ನು ಕೇಳಿಸಿಕೊಳ್ಳುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕಲಾರದು.

ನಮ್ಮ ಪ್ರಾಚೀನರು ಈ ಕೆಲಸವನ್ನು ಕೇವಲ ಕರುಣೆಯ ವಿಷಯವೆಂದು ತಿಳಿದಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ. ಈ ಕ್ರಮವನ್ನು ಗಮನಿಸಬೇಕು. ಮೊದಲು ಜ್ಞಾನ, ಆಮೇಲೆ ಕೈಚಳಕ, ಪ್ರೀತಿಯು ಮೂರನೆಯದು. ಪ್ರೀತಿ ಬೇಡವೆಂದಲ್ಲ; ಪ್ರೀತಿಯೊಂದರಿಂದಲೇ ಯಾರೂ ಪರಿಚಾರಕರಾಗಲಾರರು ಎಂಬುದು ಇದರ ಭಾವ.

ಹೀಗಿದ್ದ ಮೇಲೆ ನಿಂದೆಯು ಎಲ್ಲಿಂದ ಬಂತು? ಅದರ ಒಂದು ಮೂಲವು ಮೈಲಿಗೆಯ ಕಲ್ಪನೆ. ರಕ್ತ, ಮಲ, ಮೂತ್ರ, ಕೀವು, ಸೂತಕ ಇವನ್ನು ಮುಟ್ಟುವ ಕೆಲಸವು ಮೇಲುಜಾತಿಯವರಿಗೆ ನಿಷಿದ್ಧವಾಗಿತ್ತು. ಹೆರಿಗೆ ಮಾಡಿಸುವ ಸೂಲಗಿತ್ತಿಯನ್ನು ಸರಿರಾತ್ರಿಯಲ್ಲಿ ಕೈಮುಗಿದು ಕರೆತಂದವರೇ, ಬೆಳಗಾದ ಮೇಲೆ ಅವಳನ್ನು ಪಡಸಾಲೆಯ ಆಚೆಗೆ ನಿಲ್ಲಿಸುತ್ತಿದ್ದರು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು ಆ ವರ್ಷವೇ ತೀರಿಕೊಂಡರು. ಆ ಪ್ರಶಸ್ತಿಯು ಹಳೆಯ ಒಂದು ಸಾಲದ ಬಡ್ಡಿಯನ್ನಷ್ಟೇ ತೀರಿಸಿತೆನ್ನಬೇಕು.

ಎರಡನೆಯ ಮೂಲವು ಇತಿಹಾಸದ್ದು. ಆಸ್ಪತ್ರೆಗಳು ಬಂದಾಗ ಅಲ್ಲಿಯ ಶುಶ್ರೂಷೆಯನ್ನು ಕಲಿಯಲು ಮುಂದೆ ಬಂದವರು ಬಹುಮಟ್ಟಿಗೆ ಮೈಲಿಗೆಯ ಭಯವಿಲ್ಲದ ಕ್ರೈಸ್ತ ಹೆಣ್ಣುಮಕ್ಕಳು. ಆಗ ನಮ್ಮ ಧಾರವಾಡವೂ ಮುಂಬಯಿ ಪ್ರಾಂತದಲ್ಲಿತ್ತು. ಅದೇ ಪ್ರಾಂತದ ಪುಣೆಯಲ್ಲಿ ರಮಾಬಾಯಿ ರಾನಡೆಯವರು 1909ರಲ್ಲಿ ಆರಂಭಿಸಿದ ಸೇವಾಸದನವು ವಿಧವೆಯರಿಗೂ ನಿರ್ಗತಿಕ ಸ್ತ್ರೀಯರಿಗೂ ನರ್ಸಿಂಗ್ ಶಿಕ್ಷಣದ ದಾರಿಯನ್ನು ತೆರೆಯಿತು. ಮನೆಯ ಮೂಲೆಯಲ್ಲಿ ತಲೆ ಬೋಳಿಸಿಕೊಂಡು ಕೂಡಬೇಕಾಗಿದ್ದ ಹೆಂಗಸು ತನ್ನ ಅನ್ನವನ್ನು ತಾನೇ ಗಳಿಸುವಂತಾದಳು. ಅದೊಂದು ದೊಡ್ಡ ಬಿಡುಗಡೆ. ಆದರೆ ಲೋಕವು ಅದನ್ನು ತಿರುವು ಮುರುವಾಗಿ ಓದಿಕೊಂಡಿತು. ದಿಕ್ಕಿಲ್ಲದವರಿಗೆ ಈ ಉದ್ಯೋಗವು ದಿಕ್ಕಾಯಿತು ಎನ್ನುವುದಕ್ಕೆ ಬದಲಾಗಿ, ದಿಕ್ಕಿಲ್ಲದವರು ಮಾತ್ರ ಇದಕ್ಕೆ ಬರುತ್ತಾರೆ ಎಂದಿತು.

ಸ್ತುತಿಯ ಮೂಲವನ್ನು ನೋಡಬೇಕಾದರೆ ಇಂಗ್ಲೆಂಡಿನ ಸಾಹಿತ್ಯಕ್ಕೆ ಹೋಗಬೇಕು. ಡಿಕನ್ಸನು 1843-44ರಲ್ಲಿ ಕಂತುಗಳಾಗಿ ಬರೆದ 'ಮಾರ್ಟಿನ್ ಚಜಲ್‌ವಿಟ್' ಕಾದಂಬರಿಯಲ್ಲಿ ಸೇರಿ ಗ್ಯಾಂಪ್ ಎಂಬ ಕುಡುಕ ದಾದಿಯೊಬ್ಬಳಿದ್ದಾಳೆ. ಅಂದಿನ ಓದುಗರಿಗೆ ದಾದಿಯೆಂದರೆ ಅವಳೇ. ಇಂಥ ಕಾಲದಲ್ಲಿ, 1845ರಲ್ಲಿ, ಶ್ರೀಮಂತ ಮನೆತನದ ಫ್ಲಾರೆನ್ಸ್ ನೈಟಿಂಗೇಲಳು ಆಸ್ಪತ್ರೆಯಲ್ಲಿ ಶುಶ್ರೂಷೆ ಕಲಿಯುವೆನೆಂದಾಗ ತಂದೆತಾಯಿಗಳು ಹೌಹಾರಿ ತಡೆದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತಿಗೆ ಹೋಗಿ ಮೂರು ತಿಂಗಳು ಕಲಿಯುವವರೆಗೆ ಅವಳಿಗೆ ಬಿಡುವು ಸಿಕ್ಕಲಿಲ್ಲ. 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಡನೆ ಅವಳು ಕ್ರಿಮಿಯಾ ಯುದ್ಧದ ಸ್ಕುಟಾರಿ ಆಸ್ಪತ್ರೆಗೆ ಹೋದಳು. 1857ರಲ್ಲಿ ಅಮೆರಿಕದ ಕವಿ ಲಾಂಗ್‌ಫೆಲೋ ಅವಳ ಮೇಲೆ ಕವಿತೆ ಬರೆದ ಮೇಲೆ 'ದೀಪಧಾರಿಣಿ'ಯ ಚಿತ್ರವು ಜಗತ್ತಿನಲ್ಲೆಲ್ಲ ನೆಲೆಯೂರಿತು. ಹದಿನೈದು ವರ್ಷಗಳೊಳಗೆ ದಾದಿಯು ಕುಡುಕಿಯ ಸ್ಥಾನದಿಂದ ದೇವತೆಯ ಸ್ಥಾನಕ್ಕೆ ಏರಿದಳು. ಇವೆರಡರ ನಡುವೆ ಮನುಷ್ಯಳಾಗಿ ನಿಲ್ಲುವುದಕ್ಕೆ ಅವಳಿಗೆ ಜಾಗವಿರಲಿಲ್ಲ.

ದೀಪವನ್ನು ನೆನೆದ ಲೋಕವು ಅವಳ ಅಂಕಿಗಳನ್ನು ಮರೆಯಿತು. ಸೈನಿಕರಲ್ಲಿ ಹೆಚ್ಚಿನವರು ಸತ್ತದ್ದು ಗಾಯಗಳಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ ಎಂಬುದನ್ನು ಅವಳು ಲೆಕ್ಕ ಹಾಕಿ ಚಿತ್ರಪಟಗಳಲ್ಲಿ ತೋರಿಸಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ ಅವಳು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಾಲೆ ತೆರೆಯಿತು. ಕರುಣೆಯಷ್ಟೇ ಸಾಕಾಗಿದ್ದರೆ ಶಾಲೆಯ ಅಗತ್ಯವೇನಿತ್ತು?

ಈಗ ಮತ್ತೆ ನಮ್ಮ ಸೀಮೆಗೆ ಬರೋಣ. ನನ್ನ ಬಾಲ್ಯದಲ್ಲಿ ಹಳ್ಳಿಗಳಿಗೆ ಬರುತ್ತಿದ್ದ ಸರಕಾರದ ದಾದಿಯನ್ನು ಜನರು 'ನರ್ಸಬಾಯಿ' ಎನ್ನುತ್ತಿದ್ದರು. ಬಯಲುಸೀಮೆಯಲ್ಲಿ ಐದು ಸಾವಿರ ಜನರಿಗೆ ಒಂದು ಉಪಕೇಂದ್ರ, ಅದಕ್ಕೊಬ್ಬ ಸಹಾಯಕ ದಾದಿ ಎಂಬುದು ಸರಕಾರದ ಲೆಕ್ಕ. ಬಸುರಿಯರನ್ನು ನೋಡುವುದು, ಹೆರಿಗೆ, ಲಸಿಕೆ ಎಲ್ಲವೂ ಅವಳದೇ. ಇವುಗಳ ಮೇಲೆ ಕುಟುಂಬ ಯೋಜನೆಯ ಗುರಿಯನ್ನು ಹೇರಲಾಗಿತ್ತು. ವರ್ಷಕ್ಕೆ ಇಂತಿಷ್ಟು ಶಸ್ತ್ರಚಿಕಿತ್ಸೆಗಳಿಗೆ ಜನರನ್ನು ಒಪ್ಪಿಸಿ ತರಬೇಕು. ಹೀಗಾಗಿ ಅವಳು ಕೂಸಿನ ತೂಕ ನೋಡಲು ಬಂದರೂ, "ಕೇಸ್ ಹುಡಿಕ್ಯಾಡಿಕೊಂತ ಬಂದಾಳ" ಎಂದು ಹೆಂಗಸರು ಒಳಗೆ ಸರಿಯುತ್ತಿದ್ದರು. 1996ರ ಏಪ್ರಿಲಿನಲ್ಲಿ ಆ ಗುರಿಯ ಪದ್ಧತಿಯನ್ನು ದೇಶದಲ್ಲೆಲ್ಲ ಕೈಬಿಡಲಾಯಿತು. ಅಲ್ಲಿಯವರೆಗೆ ಆಡಳಿತದ ಉದ್ದೇಶವನ್ನು ಜನರು ಅವಳ ಉದ್ದೇಶವೆಂದೇ ತಿಳಿದರು. ಪರಊರಿನಿಂದ ಬಂದು, ಬಾಡಿಗೆಗೆ ಖೋಲಿ ಸಿಗುವುದೇ ಕಷ್ಟವಾದ ಊರಿನಲ್ಲಿ ಒಬ್ಬಳೇ ಇರುತ್ತಿದ್ದ ಆ ಹೆಂಗಸಿಗೆ ತನ್ನ ಮನಸ್ಸನ್ನು ವಿವರಿಸುವ ಅವಕಾಶವನ್ನು ಯಾರು ಕೊಟ್ಟಿದ್ದರು?

ಸೋಲಿನ ತೀರ್ಪಿನ ರುಚಿ ನನಗೂ ಸ್ವಲ್ಪ ಗೊತ್ತು. ನಾನು ಕನ್ನಡ ಎಂ.ಎ.ಗೆ ಸೇರಿದಾಗ, "ಬೇರೆ ಯಾವುದಕ್ಕೂ ಸೀಟು ಸಿಗಲಿಲ್ಲೇನು?" ಎಂದು ಕೇಳದ ಬಂಧುಗಳಿಲ್ಲ. ಪಂಪನನ್ನೂ ಬಸವಣ್ಣನನ್ನೂ ಓದುವ ಆಸೆಯಿಂದಲೇ ಒಬ್ಬನು ಓದಬಹುದೆಂಬುದು ಅವರಿಗೆ ಹೊಳೆಯಲಿಲ್ಲ. ಆದರೆ ನನಗೆ ಅದರಿಂದ ಆದ ಹಾನಿಯೇನು? ಒಂದಿಷ್ಟು ಮುಜುಗರ, ಅಷ್ಟೇ. ದಾದಿಯಾಗುವ ಹುಡುಗಿಯ ಪಾಡು ಹಾಗಲ್ಲ. ಗಂಡಸರು ಈ ಉದ್ಯೋಗಕ್ಕೆ ಬಂದರೆ ಅವರಿಗೂ ಸೋಲಿನ ತೀರ್ಪು ತಪ್ಪುವುದಿಲ್ಲ. ಜತೆಗೆ 'ಹೆಂಗಸರ ಕೆಲಸ' ಎಂಬ ನಗೆಯೂ ಸೇರುತ್ತದೆ.

ನಮ್ಮ ಓಣಿಯ ಒಕ್ಕಲಿಗರ ಮನೆಯ ಹುಡುಗಿಯೊಬ್ಬಳು ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದಳು. ಹಬ್ಬಕ್ಕೆ ಊರಿಗೆ ಬಂದಾಗ, ಈ ಕೆಲಸವನ್ನು ಏಕೆ ಆರಿಸಿಕೊಂಡೆ ಎಂದು ನಾನು ಕೇಳಿದೆ. ಅವಳು ನಕ್ಕು ಹೇಳಿದ ಮಾತನ್ನು ಅವಳ ಮಾತಿನಲ್ಲಿಯೇ ಹೇಳುತ್ತೇನೆ:

"ಕಾಕಾ, ನಾ ಯಾಕ ನರ್ಸ್ ಆದೆ ಅಂತ ಎಲ್ಲಾರೂ ನನಗ ಹೇಳ್ತಾರ, ಕೇಳಿದವರು ನೀವ ಮೊದಲನೇದವರು ನೋಡ್ರಿ. ನಮ್ಮ ಆಯಿಗೆ ಲಕ್ವಾ ಹೊಡದಾಗ ದವಾಖಾನ್ಯಾಗ ಹದಿನೆಂಟು ದಿನಾ ಇದ್ವಿ. ಒಬ್ಬಾಕಿ ಸಿಸ್ಟರ್ ಎರಡು ತಾಸಿಗೊಮ್ಮೆ ಬಂದು ಆಯಿ ಮಗ್ಗಲಾ ಬದಲೀ ಮಾಡತಿದ್ಲು. ಆಕಿ ಭಾಳ ಮಾತಾಡತಿರಲಿಲ್ಲ, ನಗತಿರಲಿಲ್ಲ. ಖರೆ ಒಂದ ದಿನಾನೂ ಹೊತ್ತು ತಪ್ಪಿಸಲಿಲ್ಲ. ಆಯಿ ಬೆನ್ನಿಗೆ ಒಂದ ಹುಣ್ಣೂ ಆಗಲಿಲ್ಲ. ಮನ್ಯಾಗ ಹೆಂಗ ಮಾಡಬೇಕು ಅಂತ ನನಗೂ ಕಲಿಸಿದ್ಲು. ಆ ಕೆಲಸ ನನ್ನ ಕೈಗೆ ಹತ್ತಿತು. ಅಷ್ಟ ಅಲ್ರಿ, ಪಗಾರಾನೂ ಬೇಕಾಗಿತ್ತು. ಎರಡು ವರ್ಷ ಮಳಿ ಇರಲಿಲ್ಲ, ತಮ್ಮನ ಸಾಲಿ ಇತ್ತು. ಎರಡೂ ಖರೇನ ಅದಾವರಿ."

ಕೈಗೆ ಹತ್ತುವುದು ಎಂಬ ಮಾತನ್ನು ನಮ್ಮ ಕಡೆ ನೇಕಾರನೂ ಬಡಿಗನೂ ಆಡುತ್ತಾರೆ. ಕೆಲಸವೇ ಕೆಲಸಕ್ಕೆ ಕಾರಣವಾಗುವುದೆಂದರೆ ಹೀಗೆ. ಲಕ್ವಾ ಹೊಡೆದವರ ಮೈಯು ಒಂದೇ ಕಡೆ ಒತ್ತಿಕೊಂಡಿದ್ದರೆ ಅಲ್ಲಿ ರಕ್ತಸಂಚಾರ ನಿಂತು ಚರ್ಮವು ಕೊಳೆಯುತ್ತದೆ. ಆ ಹುಣ್ಣಿನ ನಂಜು ಜೀವವನ್ನೇ ತೆಗೆದೀತು. ಮಗ್ಗಲು ಬದಲಿಸುವುದು ನೋಡುವವರಿಗೆ ಕೂಲಿಯ ಕೆಲಸ, ತಿಳಿದವರಿಗೆ ಚಿಕಿತ್ಸೆ. ಸಲೈನಿನ ಹನಿಗಳನ್ನು ಎಣಿಸುವುದು. ಇದೇ ರೋಗಿ, ಇದೇ ಔಷಧ, ಇಷ್ಟೇ ಪ್ರಮಾಣ, ಇದೇ ಮಾರ್ಗ, ಇದೇ ಸಮಯ ಎಂದು ಪ್ರತಿ ಸಲವೂ ಐದು ಸಂಗತಿಗಳನ್ನು ತಾಳೆ ನೋಡುವುದು. ಬೆಳಗಿನ ಮೂರು ಗಂಟೆಗೆ ಒಬ್ಬನ ಉಸಿರಾಟದಲ್ಲಿ ಆದ ಸಣ್ಣ ವ್ಯತ್ಯಾಸವನ್ನು ಗುರುತಿಸಿ ವೈದ್ಯರನ್ನು ಎಬ್ಬಿಸುವುದು. ಇವೆಲ್ಲ ಆ ವಿದ್ಯೆಯ ಅಂಗಗಳು. ವೈದ್ಯರು ಬಂದು ನೋಡಿ ಹೋಗುತ್ತಾರೆ. ದಾದಿಯು ಪಾಳಿ ಮುಗಿಯುವವರೆಗೆ ಅಲ್ಲಿಯೇ ಇರುತ್ತಾಳೆ. ಒಂದು ಇನ್ನೊಂದರ ಸೋತ ರೂಪವಲ್ಲ. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಲಿಂಡಾ ಏಕನ್ ಮತ್ತು ಸಂಗಡಿಗರ ಅಧ್ಯಯನವು, ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿಯು ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯ ರೋಗಿಗಳು ಸಾಯುವ ಸಂಭವವು ನೂರಕ್ಕೆ ಏಳರಷ್ಟು ಹೆಚ್ಚುವುದನ್ನು ಕಂಡಿತು.

ಹುಡುಗಿಯ ಎರಡನೆಯ ಮಾತು, ಪಗಾರದ ಮಾತು, ವೇದಿಕೆಯ ಮೇಲಿನವರಿಗೆ ಹಿಡಿಸಲಾರದು. 1960ರ ದಶಕದಿಂದ ಕೇರಳದ ದಾದಿಯರು ಜರ್ಮನಿಗೆ, ಆಮೇಲೆ ಕೊಲ್ಲಿ ರಾಷ್ಟ್ರಗಳಿಗೆ ಹೋಗಿ ತಮ್ಮ ಗಳಿಕೆಯಿಂದ ಮನೆ ಕಟ್ಟಿಸಿದರು, ತಂಗಿಯರ ಮದುವೆ ಮಾಡಿದರು. ಹಣಕ್ಕಾಗಿ ಹೋದರೆಂಬುದು ಸುಳ್ಳಲ್ಲ. ಹಣವಿದ್ದಲ್ಲಿ ಸೇವೆಯಿರಲಾರದು ಎಂಬುದು ಸುಳ್ಳು. ಹನ್ನೆರಡನೆಯ ಶತಮಾನದ ಶರಣರನ್ನು ಓದಿದ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಯ್ದಕ್ಕಿಯ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕತೆ ನಮಗೆಲ್ಲ ಗೊತ್ತು. ಕಾಯಕದಿಂದ ಹೊಟ್ಟೆ ಹೊರೆಯುವುದನ್ನು ಅವಳು ತಪ್ಪೆನ್ನಲಿಲ್ಲ. ಕಾಯಕವೆಂದರೆ ಅದೂ ಹೌದು. ಅವಳು ತಡೆದದ್ದು ಅತಿಯಾಸೆಯನ್ನು.

ಸೇವೆಗೂ ಸಂಬಳಕ್ಕೂ ವಿರೋಧವನ್ನು ಕಲ್ಪಿಸಿದರೆ ಲಾಭ ಯಾರಿಗೆ? ಸಂಬಳ ಕೊಡಬೇಕಾದವರಿಗೆ. ತ್ಯಾಗಮೂರ್ತಿ ಎಂದು ಕರೆದ ಮೇಲೆ ಅವಳು ಸಂಬಳ ಕೇಳುವುದೇ ಅಪಚಾರವಾಗುತ್ತದೆ. ಖಾಸಗಿ ಆಸ್ಪತ್ರೆಗಳ ದಾದಿಯರ ವೇತನದ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. 2016ರಲ್ಲಿ ಅದರ ಆದೇಶದಂತೆ ನೇಮಕವಾದ ಸಮಿತಿಯು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಸಣ್ಣ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಸಲಹೆ ಮಾಡಿತು. ಅಷ್ಟನ್ನು ಹೇಳುವುದಕ್ಕೂ ಒಂದು ಸಮಿತಿ ಬೇಕಾಯಿತೆಂಬುದನ್ನು ಗಮನಿಸಬೇಕು.

ಸ್ತುತಿಯೂ ನಿಂದೆಯೂ ಎಷ್ಟು ಹತ್ತಿರದವೆಂಬುದನ್ನು ಕೊರೋನಾ ಕಾಲವು ತೋರಿಸಿತು. 2020ರ ಮಾರ್ಚ್ 22ರ ಸಂಜೆ ದೇಶವು ಚಪ್ಪಾಳೆ ತಟ್ಟಿತು, ತಟ್ಟೆ ಬಾರಿಸಿತು. ಅದೇ ವಾರದಲ್ಲಿ ಹಲವು ನಗರಗಳಲ್ಲಿ ಮನೆಯ ಮಾಲೀಕರು ವೈದ್ಯರಿಗೂ ದಾದಿಯರಿಗೂ ಮನೆ ಖಾಲಿ ಮಾಡಲು ಹೇಳಿದರು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 22ರಂದು, ಪ್ಲೇಗಿನ ಕಾಲದ 1897ರ ಕಾಯ್ದೆಯನ್ನು ತಿದ್ದಿ, ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡುವವರನ್ನು ಶಿಕ್ಷಿಸುವ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ದೇವತೆಯೆಂದವರೇ ಅವಳನ್ನು ಮೈಲಿಗೆಯೆಂದು ಹೊರಗಿಟ್ಟರು. ಮನುಷ್ಯಳೆಂದು ತಿಳಿದಿದ್ದರೆ ಎರಡೂ ಬೇಕಾಗುತ್ತಿರಲಿಲ್ಲ.

ಉದ್ದೇಶವನ್ನು ಅಳೆಯಲೇಬೇಕೆನ್ನುವವರು ಒಂದು ಸಂಗತಿಯನ್ನು ನೆನೆಯಬೇಕು. ಉತ್ತರ ಕನ್ನಡದ ಹಳದೀಪುರದಿಂದ ಹೋಗಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ ಎಂಬವರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯ ನೌಕರನೊಬ್ಬನು ಕ್ರೂರವಾಗಿ ಆಕ್ರಮಣ ಮಾಡಿದನು. ಇಪ್ಪತ್ತೈದರ ಹರೆಯದ ಅವರಿಗೆ ಮತ್ತೆ ಪ್ರಜ್ಞೆಯ ಬದುಕು ಮರಳಲಿಲ್ಲ. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ನಾಲ್ವತ್ತೊಂದು ವರ್ಷಗಳಿಗೂ ಮೇಲೆ, ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಉಣಿಸಿ, ಮೈ ತೊಳೆದು, ಮಗ್ಗಲು ಬದಲಿಸಿದವರು ಅಲ್ಲಿಯ ದಾದಿಯರು. ಮೊದಲಿನವರು ನಿವೃತ್ತರಾದರು, ಅವರನ್ನು ನಡೆದಾಡುವಾಗ ಕಂಡೇ ಇರದ ಹೊಸಬರು ಬಂದು ಅದೇ ಕೆಲಸವನ್ನು ಮುಂದುವರಿಸಿದರು. ದಯಾಮರಣದ ಅರ್ಜಿಯನ್ನು 2011ರ ಮಾರ್ಚ್ 7ರಂದು ನಿರಾಕರಿಸಿದ ಸರ್ವೋಚ್ಚ ನ್ಯಾಯಾಲಯವು, ಇಷ್ಟು ವರ್ಷಗಳಲ್ಲಿ ಅವರ ಮೈಮೇಲೆ ಒಂದು ಹಾಸಿಗೆಹುಣ್ಣೂ ಆಗಿಲ್ಲವೆಂಬುದನ್ನು ದಾಖಲಿಸಿತು. ಅವರ ಪರವಾಗಿ ಮಾತನಾಡುವ ಅಧಿಕಾರವು ಆ ಸಿಬ್ಬಂದಿಗೆ ಸೇರಿದ್ದೆಂದಿತು.

ಆ ದಾದಿಯರಲ್ಲಿ ಸಂಬಳಕ್ಕಾಗಿ ಬಂದವರಿದ್ದಿರಬೇಕು, ಬೇರೆ ಸೀಟು ಸಿಗದೆ ಬಂದವರಿದ್ದಿರಬೇಕು, ತಾಯಿಯ ಒತ್ತಾಯಕ್ಕೆ ಬಂದವರೂ ಇದ್ದಿರಬೇಕು. ಬಾಗಿಲಿಗೆ ಬರುವಾಗ ಇದ್ದ ಕಾರಣವು ಏನೇ ಇರಲಿ, ಹಾಸಿಗೆಯ ಬಳಿ ಅವರು ಮಾಡಿದ್ದು ಅದು. ಕೆಲಸಕ್ಕೆ ಸೇರುವ ಕಾರಣ ಬೇರೆ, ಕೆಲಸದಲ್ಲಿ ನಿಲ್ಲುವ ಕಾರಣ ಬೇರೆ. ಮೊದಲನೆಯದನ್ನು ಊಹಿಸುವುದರಲ್ಲಿ ನಾವು ಜಾಣರು. ಎರಡನೆಯದು ಹುಟ್ಟುವುದು ಕೆಲಸದ ಒಳಗೆ, ವರ್ಷಗಳ ಅಭ್ಯಾಸದಿಂದ. ಅದು ಹೊರಗಿನವರಿಗೆ ಸುಲಭವಾಗಿ ಕಾಣುವಂಥದಲ್ಲ.

ನಮ್ಮ ಓಣಿಯ ಆ ಹುಡುಗಿಗೆ ಒಂದು ಸಂಬಂಧ ಕೂಡಿಬಂದಿತ್ತು. ವರನ ಕಡೆಯವರು ಹೊಲ ಮನೆ ಎಲ್ಲವನ್ನೂ ಒಪ್ಪಿ ಒಂದೇ ಷರತ್ತು ಹಾಕಿದರು: ಲಗ್ನದ ಮುಂಚೆ ನೌಕರಿ ಬಿಡಬೇಕು. "ಹಂಗಾದ್ರ ಬ್ಯಾಡ್ರಿ" ಎಂದು ಅವಳು ಎದ್ದು ಒಳಗೆ ಹೋದಳು. ಅವಳಿಗೆ ಇನ್ನೂ ಮದುವೆಯಾಗಿಲ್ಲ. ಕಟ್ಟೆಯು ಅದಕ್ಕೂ ಒಂದು ಕಾರಣವನ್ನು ಕಂಡುಹಿಡಿದಿದೆ. ಅವಳು ಮಾತ್ರ ಸೋಮವಾರದ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋಗುತ್ತಾಳೆ.

ಶ್ರೋತೃಗಳೇ, ದಾದಿಯನ್ನು ಪೂಜಿಸಿರೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಒಬ್ಬಳು ಈ ವಿದ್ಯೆಯನ್ನು ಕಲಿಯುತ್ತೇನೆಂದಾಗ, ಅವಳ ಕಾರಣವನ್ನು ನಾವು ಹೇಳದೆ ಅವಳಿಂದ ಕೇಳಿಕೊಳ್ಳೋಣ. ಅವಳು ಪಗಾರದ ಹೆಸರು ಹೇಳಿದರೆ ಮುಖ ಸಿಂಡರಿಸದೆ, ಸೇವೆಯ ಹೆಸರು ಹೇಳಿದರೆ ಅದನ್ನೇ ಹಿಡಿದು ಪಗಾರವನ್ನು ಕಡಿಮೆ ಮಾಡದೆ ಕೇಳೋಣ. ಇಂದಲ್ಲ ನಾಳೆ ನಾವೆಲ್ಲರೂ ಹಾಸಿಗೆ ಹಿಡಿಯುವವರೇ. ಆಗ ನಮ್ಮ ಮಾತನ್ನು ಕೇಳಿಸಿಕೊಳ್ಳಲು ಒಬ್ಬರು ಬೇಕಾಗುತ್ತಾರೆ; ಅವರ ಮಾತನ್ನು ಕೇಳುವುದಕ್ಕೆ ನಮಗೆ ಈಗ ಸಮಯವಿದೆ.

(ಬಾನುಲಿ ಭಾಷಣದ ಬರಹರೂಪ)